ಕೆಂಪು ಪಟ್ಟಿಯವರ ದಾರಿ

ಪಾಳಿ ಮುರಿದು ಮುಂದೆ ನುಗ್ಗುವವರನ್ನು ಕಂಡರೆ ನನ್ನ ಮೈ ಉರಿಯುತ್ತದೆ. ದವಾಖಾನೆಯಲ್ಲಿ ಚೀಟಿ ಬರೆಸಿ ಎರಡು ತಾಸಿನಿಂದ ಕೂತಿರುತ್ತೇವೆ. ಇಸ್ತ್ರಿ ಮಾಡಿದ ಬಿಳಿ ಅಂಗಿಯವನೊಬ್ಬ ಮೊಬೈಲು ಕಿವಿಗೆ ಹಿಡಿದುಕೊಂಡೇ ಬಂದು, ಕಂಪೌಂಡರನಿಗೆ ಕಣ್ಸನ್ನೆ ಮಾಡಿ, ಡಾಕ್ಟರ ಬಾಗಿಲು ತಳ್ಳಿ ಒಳಗೆ ಹೋಗುತ್ತಾನೆ. ಕೂತವರೆಲ್ಲ ನೆಲ ನೋಡುತ್ತಾರೆ. ನನ್ನಿಂದ ಅದು ಆಗುವುದಿಲ್ಲ. ಎದ್ದು ಹೋಗಿ, "ಏ ಅಣ್ಣಾ, ನಾವೇನ ಗ್ವಾಡಿಗೆ ತೂಗಹಾಕಿದ ಕ್ಯಾಲೆಂಡರೇನ?" ಎಂದು ಕೇಳುತ್ತೇನೆ. "ಒಂದ ನಿಮಿಷದ ಕೆಲಸರೀ ಅಕ್ಕಾರ" ಅನ್ನುತ್ತಾನೆ. ಅಲ್ಲಿ ಕೂತವರದೆಲ್ಲ ಒಂದೊಂದು ನಿಮಿಷದ ಕೆಲಸವೇ, ಇವನೊಬ್ಬನಿಗೆ ಮಾತ್ರ ಅದು ಹೇಳಿಕೊಳ್ಳುವಷ್ಟು ದೊಡ್ಡದು.

ಮುಧೋಳ ಬಸ್‌ಸ್ಟ್ಯಾಂಡಿನ ಪಾಸಿನ ಕಿಂಡಿಯ ಮುಂದೆ, ಗ್ಯಾಸಿನ ಗಾಡಿಯ ಹಿಂದೆ, ಗುಡಿಯಲ್ಲಿ ಸ್ಪೆಷಲ್ ದರ್ಶನ ಎಂದು ಬೋರ್ಡು ಹಾಕಿದ ಬಾಗಿಲ ಹತ್ತಿರ, ಎಲ್ಲ ಕಡೆ ಜಗಳ ತೆಗೆದಿದ್ದೇನೆ. ಆಫೀಸಿನಲ್ಲಿ ನನಗೆ ಪಾಳಿ ಬಾಯಾರು, ಅಂದರೆ ಪಾಳಿ ಮೇಡಮ್ಮು, ಎಂದು ಹೆಸರಿಟ್ಟಿದ್ದಾರೆ. ಹಿಂದಿನಿಂದ ಕರೆಯುತ್ತಾರೆ, ನನಗೆ ಕೇಳಿಸುತ್ತದೆ. ಕೆಲವರು ಮೆಚ್ಚುತ್ತಾರೆ ಕೂಡ. ಆ ಮೆಚ್ಚುಗೆ ಕೇಳಿದರೆ ನನಗೆ ಇನ್ನೂ ಸಿಟ್ಟು ಬರುತ್ತದೆ. ಕೈಗೆ ಕೆಂಪು ಪಟ್ಟಿ ಕಟ್ಟಿಕೊಂಡು ಒಂದು ದಿನ ನಾನೇ ಪಾಳಿಯವರ ಮುಂದೆ ಹಾದುಹೋಗಿದ್ದೇನೆ. ಯಾರನ್ನು ಹಿಂದೆ ಬಿಟ್ಟು ಹೋದೆ ಎಂಬುದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ನಾನು ಬೆಳೆದದ್ದು ಬನಹಟ್ಟಿಯಲ್ಲಿ, ಹಗಲೆಲ್ಲ ಪಾವರ್‌ಲೂಮು ಬಡಿಯುವ ಓಣಿಯಲ್ಲಿ. ಅಪ್ಪ ಬೇರೆಯವರ ಶೆಡ್ಡಿನಲ್ಲಿ ಮಗ್ಗ ನಡೆಸುತ್ತಿದ್ದ. ಅವ್ವ ಮನೆಯಲ್ಲಿ ಕೂತು ಕಂಡಿಕೆ ಸುತ್ತುತ್ತಿದ್ದಳು. ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಕಂಡಿಕೆ ತೀರುತ್ತಲೇ ಇರುತ್ತದೆ, ಸುತ್ತುವವಳು ಏಳುವ ಹಾಗಿಲ್ಲ. ಅಂಥ ಓಣಿಗೆ ನಳದ ನೀರು ವಾರದಲ್ಲಿ ಎರಡು ಸಲ ಬರುತ್ತಿತ್ತು. ಯಾವ ಹೊತ್ತಿಗೆ ಎಂದು ದೇವರಿಗೂ ಗೊತ್ತಿರಲಿಲ್ಲ. ಕೃಷ್ಣೆಗೆ ಬ್ಯಾರೇಜು ಕಟ್ಟಿ ಹೊಳೆಯಲ್ಲಿ ನೀರು ನಿಂತ ಮೇಲೂ ನಮ್ಮ ನಳದ ಸ್ವಭಾವ ಬದಲಾಗಲಿಲ್ಲ. ಮಗ್ಗ ಬಿಟ್ಟು, ಕಂಡಿಕೆ ಬಿಟ್ಟು ನಳದ ಮುಂದೆ ಅರ್ಧ ದಿನ ನಿಲ್ಲುವುದು ಯಾವ ಹೆಂಗಸಿಗೂ ಸಾಧ್ಯವಿರಲಿಲ್ಲ.

ಅದಕ್ಕೇ ನಮ್ಮಲ್ಲಿ ಕೊಡಗಳು ನಿಲ್ಲುತ್ತಿದ್ದವು. ಬೆಳಿಗ್ಗೆ ಎದ್ದವಳು ತನ್ನ ಕೊಡ ತಂದಿಟ್ಟು ಹೋಗುತ್ತಾಳೆ, ಅದರ ಹಿಂದೆ ಇನ್ನೊಬ್ಬಳದು. ಕೊಡ ಇಲ್ಲದಿದ್ದರೆ ಬಕೆಟ್ಟು, ಅದೂ ಇಲ್ಲದಿದ್ದರೆ ಕಾಲಿನ ಚಪ್ಪಲಿ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಮನೆಗೆ ಹೋದರೂ ಪಾಳಿ ಅವಳದೇ. ನಳದ ಎದುರು ಮನೆ ನಮ್ಮದು, ಹೀಗಾಗಿ ಕಂಡಿಕೆ ಸುತ್ತುತ್ತಲೇ ಕಾಯುವ ಕೆಲಸ ಅವ್ವನ ಪಾಲಿಗೆ ಬಂತು. ನೀರು ಬಂದ ಕೂಡಲೇ ಕೂಗಿ ಕರೆಯುತ್ತಿದ್ದಳು. ಒಮ್ಮೆ ನೂಲಿನ ವ್ಯಾಪಾರಿಯ ಹೆಂಡತಿ ಯಾರೂ ಇಲ್ಲದ್ದನ್ನು ನೋಡಿ ತನ್ನ ಹಿತ್ತಾಳೆ ಕೊಡವನ್ನು ನಾಲ್ಕು ಕೊಡ ಮುಂದಕ್ಕೆ ಸರಿಸಿದಳು. ಅವ್ವ ಎದ್ದು ಹೋಗಿ, ಬಾಯಿ ಬಿಡದೆ, ಆ ಕೊಡವನ್ನು ಎತ್ತಿ ಮೊದಲಿದ್ದಲ್ಲೇ ಇಟ್ಟು ಬಂದಳು. ವ್ಯಾಪಾರಿಯ ಹೆಂಡತಿ ಒಂದು ತಿಂಗಳು ನಮ್ಮೊಂದಿಗೆ ಮಾತಾಡಲಿಲ್ಲ. ಅವ್ವನಿಗೆ ಅದರ ಖಬರೇ ಇರಲಿಲ್ಲ.

ಇಂಥ ಅವ್ವನಿಗೆ ಒಂದೇ ಒಂದು ಆಸೆ ಇತ್ತು. ಆಸೆ ಅಂದರೆ ನಗಬೇಡಿ, ದೊಡ್ಡ ತೊಟ್ಟಿಲಲ್ಲಿ ಕೂರುವುದು. ಜಾಯಿಂಟ್ ವ್ಹೀಲಿಗೆ ನಾವು ಹಾಗೇ ಅನ್ನುವುದು. ಬೇಸಿಗೆಯಲ್ಲಿ ಜಮಖಂಡಿಗೆ ಎಕ್ಸಿಬಿಷನ್ ಬಂದಾಗ ಓಣಿಯವರೆಲ್ಲ ಟಂಟಂ ಗಾಡಿ ಮಾಡಿಕೊಂಡು ಹೋಗುತ್ತಿದ್ದೆವು. ಮದುವೆಯಾದ ಹೊಸದರಲ್ಲಿ, ಸೊಸೆ ಅಷ್ಟು ಎತ್ತರ ಹೋಗಿ ಕಾಲು ಬಿಟ್ಟುಕೊಂಡು ಕೂತರೆ ನೋಡಿದವರು ಏನೆಂದಾರು ಎಂದು ಅತ್ತೆ ಬಿಡಲಿಲ್ಲ. ಆಮೇಲೆ ಬಗಲಲ್ಲಿ ನಾನಿದ್ದೆ. ಆಮೇಲೆ ಎಲ್ಲರ ಚೀಲ, ಎಲ್ಲರ ಚಪ್ಪಲಿ ನೋಡಿಕೊಳ್ಳಲು ಕೆಳಗೆ ಒಬ್ಬರು ಬೇಕಿತ್ತು. ಪ್ರತಿಸಲ ಅವಳೇ ನಿಂತಳು. ನಾವು ಇಳಿದು ಬಂದ ಕೂಡಲೇ ಕೇಳುತ್ತಿದ್ದಳು: "ಮ್ಯಾಲಿಂದ ಎಲ್ಲೀತನಕ ಕಾಣತೈತಿ? ನಮ್ಮೂರ ಕಾಣತೈತೇನ?" ಕಾಣುತ್ತದೆ ಎಂದು ನಾನು ಸುಳ್ಳು ಹೇಳುತ್ತಿದ್ದೆ. ಅವಳು ಅದನ್ನು ಓಣಿಯವರಿಗೆಲ್ಲ ತಾನೇ ನೋಡಿಬಂದ ಹಾಗೆ ಹೇಳುತ್ತಿದ್ದಳು.

ಅಪ್ಪ ತೀರಿಹೋದ ಮೇಲೆ, ನಾನು ಮುಧೋಳದ ಒಂದು ಸಹಕಾರಿ ಸಂಘದಲ್ಲಿ ಕ್ಲಾರ್ಕ್ ಆಗಿ ಸೇರಿದೆ. ಸೇರಿದ ಎರಡನೇ ವರ್ಷ ನಮ್ಮ ಸಂಘದ ಮ್ಯಾನೇಜರು ಸ್ಟಾಫಿನವರನ್ನೆಲ್ಲ ಮನೆಮಂದಿ ಸಮೇತ ಟ್ರಿಪ್ಪಿಗೆ ಕರೆದೊಯ್ಯುವುದಾಗಿ ಹೇಳಿದರು. ದೊಡ್ಡ ಊರಿನ ಆಚೆ, ಹೈವೇ ಪಕ್ಕದಲ್ಲಿ ಹೊಸದಾಗಿ ಆಟದ ಪಾರ್ಕು ಆಗಿತ್ತು. ಅದರ ಜಾಹೀರಾತಿನ ಕಾಗದದಲ್ಲಿ ತೊಟ್ಟಿಲಿನ ಚಿತ್ರವಿತ್ತು. ನಮ್ಮ ಜಮಖಂಡಿಯ ತೊಟ್ಟಿಲನ್ನು ಅದರ ಪಕ್ಕದಲ್ಲಿ ನಿಲ್ಲಿಸಿದರೆ ಸೊಂಟಕ್ಕೂ ಬರುತ್ತಿರಲಿಲ್ಲ. ಅವ್ವ ಆ ಕಾಗದವನ್ನು ಮಡಚಿ ಕಂಡಿಕೆಯ ಬುಟ್ಟಿಯಲ್ಲಿ ಇಟ್ಟುಕೊಂಡಳು.

"ಈ ಸರತೆ ಚೀಲ ಯಾರರ ಹಿಡಕೊಳ್ಳಲಿ, ನಾ ಮಾತ್ರ ಹತ್ತಾಕಿ" ಅಂದಳು.

"ಆತಬೇ, ನಾ ಹಿಡಕೋತೇನಿ" ಅಂದೆ. ಹೇಳಿದ್ದು ಖರೆ.

ಪಾರ್ಕಿನ ಬಾಗಿಲಲ್ಲಿ ನಮಗೆಲ್ಲ ನೀಲಿ ಕಾಗದದ ಪಟ್ಟಿ ಕೈಗೆ ಸುತ್ತಿದರು. ಮ್ಯಾನೇಜರ ಹತ್ತಿರ ಮಾತ್ರ ಐದಾರು ಕೆಂಪು ಪಟ್ಟಿ ಇದ್ದವು. ಹೆಚ್ಚಿಗೆ ರೊಕ್ಕ ಕೊಟ್ಟವರಿಗೆ, ಇಲ್ಲವೇ ದೊಡ್ಡ ಗುಂಪು ತಂದವರಿಗೆ ಅವನ್ನು ಕೊಡುತ್ತಿದ್ದರಂತೆ. ಕೆಂಪು ಪಟ್ಟಿ ಇದ್ದವರು ಯಾವ ಆಟಕ್ಕೂ ಪಾಳಿ ಹಚ್ಚಬೇಕಾಗಿಲ್ಲ, ಅವರಿಗೆ ಬೇರೆ ಬಾಗಿಲು. ಮ್ಯಾನೇಜರು ತಮ್ಮ ಹೆಂಡತಿಗೆ, ಹೆಂಡತಿಯ ತಂಗಿಗೆ ಕಟ್ಟಿ, ಉಳಿದವುಗಳಲ್ಲಿ ಎರಡನ್ನು ನನಗೆ ಕೊಟ್ಟರು. "ನಿಮಗೊಂದು, ನಿಮ್ಮ ತಾಯಿಯವರಿಗೊಂದು. ಬ್ಯಾರೆಯವರಿಗೆ ತೋರಸಬ್ಯಾಡ್ರಿ" ಅಂದರು. ಉಳಿದ ಸ್ಟಾಫು ಅತ್ತ ನೋಡುತ್ತಿತ್ತು. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಅವ್ವ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಏನಿದು?"

"ಇದನ್ನ ಕಟಗೊಂಡ್ರ ಪಾಳಿ ಹಚ್ಚೂದು ಬ್ಯಾಡ. ಸೀದಾ ಹೋಗಿ ಕುಂಡ್ರೂದು."

"ಮತ್ತ ಪಾಳ್ಯಾಗ ನಿಂತವರು?"

"ಅವರು ಆಮ್ಯಾಲ ಬರ್ತಾರ."

"ಅವರೇನ ಆಮ್ಯಾಲ ಬಂದಾರೇನ? ಮೊದಲ ಬಂದಾರಲ್ಲ." ಪಟ್ಟಿಯನ್ನು ನನ್ನ ಕೈಗೆ ವಾಪಸು ಇಟ್ಟಳು. "ನನ್ನ ಕೈಗೆ ಬಳಿ ಅದಾವ, ಸಾಕು. ನಿನಗ ಬೇಕಾದ್ರ ಕಟಗೋ."

ನಾನು ಕಟ್ಟಿಕೊಂಡೆ. ಆದರೆ ದುಪಟ್ಟಾದ ಸೆರಗನ್ನು ಅದರ ಮೇಲೆ ಎಳೆದುಕೊಂಡು ಅವ್ವನ ಜೊತೆಗೇ ಪಾಳಿಯಲ್ಲಿ ನಿಂತೆ. ಅಷ್ಟು ನಾಚಿಕೆ ಆಗಿನ್ನೂ ಇತ್ತು.

ತೊಟ್ಟಿಲಿನ ಪಾಳಿಯನ್ನು ಕಬ್ಬಿಣದ ಪೈಪುಗಳ ನಡುವೆ ಹಾವಿನಂತೆ ಸುತ್ತಿಸಿದ್ದರು. ಮೇಲೆ ತಗಡೂ ಇಲ್ಲ, ಬಿಸಿಲು ನೇರ ನೆತ್ತಿಗೆ. ಪೈಪು ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ನಮ್ಮಿಂದ ಹತ್ತು ಹೆಜ್ಜೆ ಆಚೆ ಕೆಂಪು ಪಟ್ಟಿಯವರ ದಾರಿ. ಅದಕ್ಕೆ ಹಸಿರು ಚಪ್ಪರ, ಎರಡು ಫ್ಯಾನು, ಕುಡಿಯಲು ತಣ್ಣನೆಯ ನೀರು. ಯಾವ ಮಹಾಶಯನ ತಲೆಗೆ ಇದು ಹೊಳೆಯಿತೋ! ತಾಸುಗಟ್ಟಲೆ ನಿಲ್ಲುವವರಿಗೆ ಬಿಸಿಲು, ನಿಲ್ಲುವುದೇ ಇಲ್ಲದವರಿಗೆ ನೆರಳು. ಅವರು ಅಲ್ಲಿ ಎಣಿಸಿ ಹತ್ತು ಉಸಿರು ನಿಲ್ಲುತ್ತಿರಲಿಲ್ಲ, ಆ ಫ್ಯಾನುಗಳು ಖಾಲಿ ದಾರಿಗೆ ಗಾಳಿ ಹಾಕುತ್ತಿದ್ದವು. ತೊಟ್ಟಿಲು ನಿಂತಾಗೊಮ್ಮೆ ಮೊದಲು ಆ ಬಾಗಿಲು ತೆರೆಯುತ್ತಿತ್ತು. ಅವರು ತುಂಬಿ ಉಳಿದ ಬುಟ್ಟಿಗಳಿಗೆ ನಮ್ಮ ಕಡೆಯವರು.

ನಮ್ಮ ಹಿಂದೆ ವಿಜಯಪುರದ ಕಡೆಯ ಒಬ್ಬ ಹೆಂಗಸು ಹಾಲು ಕುಡಿಯುವ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಅವಳ ಜೊತೆ ಇಬ್ಬರು ಮುದುಕಿಯರು. ಕೂಸಿನ ಮುಖ ಬಿಸಿಲಿಗೆ ಕೆಂಪಾಗಿತ್ತು. ಅವ್ವ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಳದ ಮುಂದೆ ಮಾಡುವುದನ್ನೇ ಮಾಡಿದಳು.

"ತಂಗೀ, ಚಪ್ಪಲಿ ಇಲ್ಲೆ ಬಿಡು. ಆ ಬೇವಿನ ಗಿಡದ ಬುಡಕ್ಕ ಕುಂಡ್ರು, ಕೂಸಿಗೆ ಹಾಲ ಕುಡಸು. ಪಾಳಿ ಬಂದಕೂಡ್ಲೆ ನಾ ಒದರತೇನಿ. ಅಜ್ಜೀ, ನೀವೂ ಹೋಗ್ರಿ."

ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವಳ ಊರಲ್ಲೂ ನಳ ಹಾಗೇ ಇರಬೇಕು. ಮೂರು ಜೊತೆ ಚಪ್ಪಲಿ ನಮ್ಮ ಹಿಂದೆ ಸಾಲಾಗಿ ನಿಂತವು. ಪಾಳಿ ಸರಿದಾಗೊಮ್ಮೆ ಅವ್ವ ಅವನ್ನು ಕಾಲಿನಿಂದ ಮೆಲ್ಲಗೆ ಮುಂದೆ ನೂಕುತ್ತಿದ್ದಳು. ನೋಡಿದ ಮತ್ತಿಬ್ಬರು ಬಂದು, "ನಮ್ಮದೂ ನೋಡಕೊಳ್ರೀ ಅಕ್ಕಾ" ಎಂದು ಬಿಟ್ಟರು. ಬರಬರುತ್ತ ಒಂಬತ್ತು ಜೊತೆಯಾದವು. ಒಬ್ಬರಿಗೂ ತಕರಾರು ಇರಲಿಲ್ಲ, ಚಪ್ಪಲಿಯ ಹಿಂದಿನವರಿಗೂ. ನೆರಳಲ್ಲಿ ಕೂತ ಮುದುಕಿಯರು ಅವ್ವನಿಗೆ ಶೇಂಗಾ ಕಳಿಸಿದರು. ಇಡೀ ಪಾರ್ಕಿನಲ್ಲಿ ಸರಿಯಾಗಿ ನಡೆಯುತ್ತಿದ್ದ ವ್ಯವಸ್ಥೆ ಅದೊಂದೇ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಕೆಂಪು ದಾರಿಯಲ್ಲಿ ನಿಂತ ಪ್ಯಾಂಟಿನ ಹುಡುಗಿಯರು ಮೊಬೈಲು ಎತ್ತಿ ಚಪ್ಪಲಿಗಳ ಫೋಟೋ ತೆಗೆಯುತ್ತಿದ್ದರು. ಅವರ ಹಿಂದೆ ನಮ್ಮ ಮ್ಯಾನೇಜರ ಮನೆಯವರೂ ಅವರ ತಂಗಿಯೂ ಬಾಯಿಗೆ ಕರವಸ್ತ್ರ ಹಿಡಿದು ನಗುತ್ತಿದ್ದರು. ನಾನು ನೆಲ ನೋಡಿದೆ.

ಆಗ ಸೀಟಿ ಊದುತ್ತ ಪಾರ್ಕಿನ ಗಾರ್ಡು ಬಂದ.

"ಯಾರದಮ್ಮ ಇದು ಚಪ್ಪಲಿ? ಮನುಷ್ಯರು ನಿಂತ್ರೆ ಲೈನು. ಚಪ್ಪಲಿ ನಿಂತ್ರೆ ಲೈನಾ? ತೆಗೀರಿ."

"ಮಂದಿ ಅದಾರಪ್ಪ, ನೆರಳಿಗೆ ಕುಂತಾರ. ಕೂಸ ಐತಿ. ಕರದ್ರ ಬರ್ತಾರ" ಅಂದಳು ಅವ್ವ, ಬಹಳ ಸಮಾಧಾನದಿಂದ.

"ಇಲ್ಲಿಲ್ಲದವರಿಗೆ ಜಾಗ ಇಲ್ಲ." ಕೈಯಲ್ಲಿದ್ದ ಕೋಲಿನಿಂದ ಒಂದೊಂದೇ ಚಪ್ಪಲಿಯನ್ನು ಎತ್ತಿ ಪೈಪಿನ ಆಚೆ ಎಸೆಯತೊಡಗಿದ. ಒಂದು ಹೋಗಿ ನೀರಿನ ಗಟಾರದಲ್ಲಿ ಬಿತ್ತು.

ಅವ್ವನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಕಡಿಮೆ. ಅವತ್ತು ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆರಳನ್ನು ಹಸಿರು ಚಪ್ಪರದ ಕಡೆ ಚಾಚಿದಳು.

"ಇಲ್ಲಿಲ್ಲದವರಿಗೆ ಜಾಗ ಇಲ್ಲೇನ? ಮತ್ತ ಅವರೆಲ್ಲಿದ್ರೋ ಇಷ್ಟೊತ್ತನಕ? ಐಸ್‌ಕ್ರೀಮ್ ತಿನ್ನಾಕ ಹೋಗಿದ್ರು, ಈಗ ಬಂದ್ರು, ಅವರಿಗೆ ಜಾಗ ಐತಿ! ಅವರ ಚಪ್ಪಲಿ ಸೈತ ಪಾಳ್ಯಾಗ ಇರಲಿಲ್ಲಲ್ಲೋ! ನಮ್ಮ ಮಂದಿ ಕಾಲಾಗಿನ ಚಪ್ಪಲಿ ಆದ್ರೂ ಬಿಟ್ಟ ಹೋಗ್ಯಾರ. ಅವರೇನ ಬಿಟ್ಟಾರ?"

ಪಾಳಿಯಲ್ಲಿದ್ದವರು ಹೋ ಎಂದು ಕೂಗಿದರು. ಇಷ್ಟು ವರ್ಷ ಎಷ್ಟೋ ಜನರೊಂದಿಗೆ ಜಗಳವಾಡಿದ್ದೇನೆ, ಅದಕ್ಕಿಂತ ಖರೆ ಮಾತು ನನ್ನ ಬಾಯಿಂದ ಒಂದು ಸಲವೂ ಬಂದಿಲ್ಲ. ಆದರೆ ಗಾರ್ಡಿನ ಕೈಯಲ್ಲಿ ಕೋಲಿತ್ತು, ಸೀಟಿ ಇತ್ತು. ಇನ್ನಿಬ್ಬರು ಗಾರ್ಡುಗಳು ಓಡಿ ಬಂದರು. ಚಪ್ಪಲಿ ಬಿಟ್ಟವರೆಲ್ಲ ಪಾಳಿಯ ಕಡೆಯಿಂದ ಮತ್ತೆ ಬರಬೇಕೆಂದು ತೀರ್ಮಾನವಾಯಿತು. ಬೇವಿನ ಗಿಡದ ಕೆಳಗಿನಿಂದ ಆ ಹೆಂಗಸು ಕೂಸನ್ನು ಎತ್ತಿಕೊಂಡು ಓಡಿಬಂದು, ಗಟಾರದಿಂದ ಚಪ್ಪಲಿ ಆರಿಸಿಕೊಂಡಳು.

ಅವ್ವನನ್ನು ಯಾರೂ ಹಿಂದೆ ಹೋಗು ಅಂದಿರಲಿಲ್ಲ. ಅವಳ ಚಪ್ಪಲಿ ಅವಳ ಕಾಲಲ್ಲೇ ಇತ್ತು. ಅವಳ ಮುಂದೆ ಒಂದೇ ಸುತ್ತಿನಷ್ಟು ಜನ ಉಳಿದಿದ್ದರು. ಅವಳು ಪೈಪಿನ ಕೆಳಗೆ ಬಗ್ಗಿ ಹೊರಗೆ ಹೊರಟಳು.

"ನೀ ಎಲ್ಲಿ ಹೊಂಟಿ?" ಅಂದೆ.

"ಅವರ ಕೂಡ. ನಾ ಹೇಳಿದ್ದಕ್ಕ ಹೋಗಿ ಕುಂತಿದ್ರು. ನಾ ಇಲ್ಲೆ ನಿಂತ ಹತ್ತಿದ್ರ ಏನಂದಾರು?"

"ಏನರ ಅನ್ನಲಿ! ಅವರ್ಯಾರು, ನೀ ಯಾರು? ಇಡೀ ಜಲ್ಮ ಇದಕ್ಕಂತ ಕಾದೀದಿ!"

"ಹೊತ್ತ ಐತಿ ಇನ್ನೂ. ಸಿಗತೈತಿ ತಗೋ. ಬಾ."

ನಾನು ಹೋಗಲಿಲ್ಲ. ಗಾರ್ಡಿನ ಮೇಲೆ ಸಿಟ್ಟಾಗಬೇಕಿತ್ತು, ಆ ಪಾರ್ಕು ಕಟ್ಟಿದವನ ಮೇಲೆ ಆಗಬೇಕಿತ್ತು. ನನಗೆ ಸಿಟ್ಟು ಬಂದದ್ದು ಅವ್ವನ ಮೇಲೆ. ಆಫೀಸಿನವರ ಮುಂದೆ ಚಪ್ಪಲಿ ಕಾಯುತ್ತ ನಿಂತಳಲ್ಲ ಎಂದು, ಸೆರಗು ಸಿಕ್ಕಿಸಿ ಒದರಿದಳಲ್ಲ ಎಂದು. ಇವಳ ಸಲುವಾಗಿ ನನ್ನ ಮಾನ ಹೋಯಿತು ಅನ್ನಿಸಿತು. "ನಿಂದು ನಳದ ಪಾಳಿ ಎಲ್ಲಾ ಕಡೆ ನಡಿಯೂದಿಲ್ಲಬೇ. ನೀ ಬೇಕಾದಲ್ಲೆ ನಿಂದರು, ನಾ ಬರೂದಿಲ್ಲ" ಎಂದು ಎಲ್ಲರಿಗೂ ಕೇಳುವ ಹಾಗೆ ಅಂದೆ. ದುಪಟ್ಟಾ ಮಣಿಕಟ್ಟಿನಿಂದ ಸರಿಸಿ, ಮ್ಯಾನೇಜರ ಮನೆಯವರ ಕಡೆ ನಡೆದೆ.

ಮ್ಯಾನೇಜರ ಹೆಂಡತಿಗೆ ನಾವು ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದೆವು. "ಬಾರವ್ವ ಬಾ, ಅಷ್ಟೊತ್ತು ಬಿಸಲಾಗ ಯಾಕ ನಿಂತಿದ್ದೀ?" ಎಂದು ನನ್ನ ಕೈ ಹಿಡಿದರು. ಅವರು ಕೆಟ್ಟವರಲ್ಲ, ಪಾಳಿ ಎಂಬುದು ಒಂದಿದೆ ಎಂದು ಅವರಿಗೆ ಗೊತ್ತಿರಲಿಲ್ಲ ಅಷ್ಟೇ. ಮಧ್ಯಾಹ್ನವೆಲ್ಲ ನಾವು ಮೂವರು ತಿರುಗಿದೆವು. ದೋಣಿ ಹತ್ತಿದೆವು, ಇಳಿದ ಕೂಡಲೇ ಮತ್ತೊಮ್ಮೆ ಹತ್ತಿದೆವು. ನೀರಿನ ಜಾರುಬಂಡೆಗೆ ಹೋದೆವು. ಕೆಂಪು ಪಟ್ಟಿ ಎತ್ತಿ ತೋರಿಸಿದರೆ ಬಾಗಿಲಲ್ಲಿದ್ದವನು ಬಗ್ಗಿ ದಾರಿ ಬಿಡುತ್ತಿದ್ದ. ಮೊದಲ ಸಲ ಪಾಳಿಯವರ ಕಣ್ಣು ಬೆನ್ನಿಗೆ ಚುಚ್ಚಿತು. ಎರಡನೇ ಸಲ ಅಷ್ಟು ಚುಚ್ಚಲಿಲ್ಲ. ನಾಲ್ಕನೇ ಸಲಕ್ಕೆ, ಇವರು ಯಾಕೆ ಇಷ್ಟು ಅಡ್ಡ ನಿಂತಿದ್ದಾರೆ, ದಾರಿ ಬಿಡಬಾರದೇ ಎಂದು ನನಗೇ ಕಿರಿಕಿರಿಯಾಯಿತು. ಬದಲಾಗಲು ಒಂದೇ ಮಧ್ಯಾಹ್ನ ಸಾಕಾಯಿತು ನನಗೆ. ಒಂದು ಕಾಗದದ ತುಂಡಿಗೆ, ಬನಹಟ್ಟಿಯ ನಳದ ಮುಂದೆ ಹದಿನೈದು ವರ್ಷ ಕಲಿತದ್ದನ್ನೆಲ್ಲ ಬಿಟ್ಟುಕೊಟ್ಟೆ.

ಬಿಸಿಲು ಇಳಿದ ಮೇಲೆ ವೈನಿ, "ಕಡೀಕ ಆ ತೊಟ್ಟಲ ಒಂದ ಆಗಲಿ, ಮತ್ತ ಬಸ್ಸಿಗೆ ಹೋಗೋಣು" ಅಂದರು. ಹಸಿರು ಚಪ್ಪರದ ಕೆಳಗೆ ಹೋದೆವು. ಆಚೆಯ ಪಾಳಿಯ ಮುಂತುದಿಯಲ್ಲಿ, ದಾರಿಗೆ ಅಡ್ಡ ಹಾಕಿದ ಸರಪಳಿಗೆ ಹೊಟ್ಟೆ ಆನಿಸಿಕೊಂಡು, ಅವ್ವ ನಿಂತಿದ್ದಳು.

ಎಲ್ಲರಿಗಿಂತ ಮುಂದೆ ಅವಳೇ. ಹಿಂದೆ ಕೂಸಿನ ಹೆಂಗಸು, ಮುದುಕಿಯರು. ಮಧ್ಯಾಹ್ನದ ಊಟಕ್ಕೂ ಹೋದ ಹಾಗೆ ಕಾಣಲಿಲ್ಲ. ಮುಖವೆಲ್ಲ ಬಿಸಿಲಿಗೆ ಕಂದಿತ್ತು. ಆದರೆ ಚಪ್ಪಲಿ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು, ಸೀರೆಯ ನಿರಿಗೆಯನ್ನು ಒಂದಿಷ್ಟು ಮೇಲೆತ್ತಿ ಸಿಕ್ಕಿಸಿಕೊಂಡು, ಹತ್ತಲು ತಯಾರಾಗಿ ನಿಂತಿದ್ದಳು. ಕತ್ತೆತ್ತಿ ತೊಟ್ಟಿಲಿನ ತುದಿಯನ್ನೇ ನೋಡುತ್ತಿದ್ದಳು. ನನ್ನನ್ನು ಇನ್ನೂ ನೋಡಿರಲಿಲ್ಲ.

ತೊಟ್ಟಿಲು ನಿಂತಿತು. ನಮ್ಮ ಬಾಗಿಲು ತೆರೆಯಿತು. ಸಂಜೆಯಾದ್ದರಿಂದ ಕೆಂಪು ಪಟ್ಟಿಯವರೆಲ್ಲ ಒಟ್ಟಿಗೇ ಬಂದಿದ್ದರು. ಒಂದೊಂದು ಬುಟ್ಟಿ ಕೆಳಗೆ ಬಂದ ಹಾಗೆ ನಾಲ್ಕು ನಾಲ್ಕು ಮಂದಿಯನ್ನು ಕೂರಿಸುತ್ತ ಹೋದ ಆಪರೇಟರು, ಕಡೆಯ ಬುಟ್ಟಿಗೆ ನಮ್ಮನ್ನು ಕರೆದ. ನಾವು ಮೂವರು ಕೂತೆವು. ನಾಲ್ಕನೆಯ ಜಾಗದಲ್ಲಿ ವೈನಿ ತಮ್ಮ ಚೀಲ ಇಟ್ಟರು. ಆಪರೇಟರು ಪಾಳಿಯ ಕಡೆ ತಿರುಗಿ, "ಇದೇ ಲಾಸ್ಟ್ ರೌಂಡು. ಮುಗೀತು, ಎಲ್ಲ ಹೊರಡಿ" ಎಂದು ಕೂಗಿದ. ನಮ್ಮ ಬುಟ್ಟಿಯ ಅಡ್ಡಪಟ್ಟಿಯನ್ನು ಅವನಿನ್ನೂ ಹಾಕಿರಲಿಲ್ಲ.

ಆಗ ಅವ್ವ ಕಣ್ಣು ಇಳಿಸಿದಳು, ನನ್ನನ್ನು ನೋಡಿದಳು.

ವೈನಿಯೇ ಕೇಳಿದರು: "ಅಲ್ಲವ್ವ, ನಿಮ್ಮ ಅವ್ವಾರು ಅಲ್ಲೇ ನಿಂತಾರಲ್ಲ?"

ಆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ ಎಂದು ನಾನು ಹೇಳಬಹುದಿತ್ತು. ಇಳಿದು, ನನ್ನ ಜಾಗಕ್ಕೆ ಅವಳನ್ನು ಹತ್ತಿಸಬಹುದಿತ್ತು. ಎಲ್ಲಕ್ಕೂ ಹೊತ್ತಿತ್ತು. ನಾನು ಅಂದದ್ದು: "ಅವರು ಪಾಳೀಲೇ ಬರ್ತಾರ್ರಿ." ಲಾಸ್ಟ್ ರೌಂಡು ಎಂದು ಕಿವಿಯಾರೆ ಕೇಳಿದ ಮೇಲೆ ಅಂದೆ. ಮಧ್ಯಾಹ್ನದ ಸಿಟ್ಟು ಇನ್ನೂ ಹೊಟ್ಟೆಯಲ್ಲಿತ್ತು. ನೋಡು, ನಿನ್ನ ಪಾಳಿ ನಿನ್ನನ್ನು ಎಲ್ಲಿ ನಿಲ್ಲಿಸಿತು ನೋಡು ಎಂದು ತೋರಿಸಬೇಕಿತ್ತು ನನಗೆ. ಆಪರೇಟರು ಅಡ್ಡಪಟ್ಟಿ ಎಳೆದು ಹಾಕಿದ.

ತೊಟ್ಟಿಲು ಎದ್ದಿತು. ಪಾಳಿಯಲ್ಲಿ ಗಲಾಟೆಯಾಯಿತು. ಕೂಸಿನ ಹೆಂಗಸು ಸರಪಳಿ ಹಿಡಿದು ಜಗ್ಗುತ್ತ ನಮ್ಮ ಬುಟ್ಟಿಗಳತ್ತ ಕೈ ಮಾಡಿ ಬಯ್ಯುತ್ತಿದ್ದಳು. ಅವ್ವ ಬಯ್ಯಲಿಲ್ಲ. ಗಾರ್ಡಿಗೆ ಹೇಳಿದ ಮಾತನ್ನು ಆಪರೇಟರಿಗೆ ಹೇಳಲಿಲ್ಲ. ಚೀಲದಿಂದ ಚಪ್ಪಲಿ ತೆಗೆದು ಕೆಳಗಿಟ್ಟು, ಒಂದೊಂದಾಗಿ ಮೆಟ್ಟಿಕೊಂಡಳು. ಎತ್ತರಕ್ಕೆ ಹೋದ ಮೇಲೆ ಊರು ಕಂಡಿತೋ, ಹೈವೇ ಕಂಡಿತೋ ನನಗೆ ನೆನಪಿಲ್ಲ. ವೈನಿ ಏನೇನೋ ತೋರಿಸುತ್ತಿದ್ದರು. ಎಷ್ಟು ಸುತ್ತು ಹಾಕಿದರೋ ಅಷ್ಟು ಸಲ ಕೆಳಗೆ ಬಂದೆ. ಪ್ರತಿಸಲ ಸರಪಳಿಯ ಆಚೆ ಜನ ಕಡಿಮೆಯಾಗುತ್ತಿದ್ದರು. ಕಡೆಗೆ ಇಳಿದಾಗ ಅಲ್ಲಿ ಯಾರೂ ಇರಲಿಲ್ಲ.

ಅವ್ವ ಆಗಲೇ ಬಸ್ಸಿನಲ್ಲಿ ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ. ಬಸ್ಸು ಹೊರಟಿತು. ಸುಮ್ಮನೆ ಕೂತರೆ ಅವಳು ಕೇಳಿಬಿಡುತ್ತಾಳೆಂದು ಹೆದರಿ ನಾನೇ ಶುರು ಮಾಡಿದೆ. ಆ ಪಾರ್ಕಿನವರು ಸುಡುಗಾಡಿಗೆ ಹೋಗಲಿ, ಕಾದವರನ್ನು ಬಿಟ್ಟು ಹೀಗೆ ಮುಚ್ಚುವುದೇ, ಆ ಆಪರೇಟರಿಗೆ ಬುದ್ಧಿ ಬೇಡವೇ, ಮ್ಯಾನೇಜರು ಎಲ್ಲರಿಗೂ ಒಂದೇ ಪಟ್ಟಿ ಕೊಡಿಸಬೇಕಿತ್ತು, ಮುಂದಿನ ವರ್ಷ ನಾನೇ ನಿನ್ನನ್ನು ಕರೆದುಕೊಂಡು ಬರುತ್ತೇನೆ. ದನಿ ಏರಿಸಿ ಏರಿಸಿ ಬೈದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ಪಾಳಿ ತಪ್ಪಿಸುವವರ ಮೇಲೆ ನನ್ನ ಮೊದಲ ಜಗಳ ಅದೇ ಇರಬೇಕು. ಕೆಂಪು ಪಟ್ಟಿ ಇನ್ನೂ ಕೈಯಲ್ಲೇ ಇತ್ತು.

ಅವ್ವ ಎಲ್ಲ ಕೇಳಿಸಿಕೊಂಡಳು. ಎಲ್ಲಿಯವರೆಗೆ ಕಾಣುತ್ತದೆ ಎಂದು ಕೇಳಲಿಲ್ಲ. ನಾನು ಬೈದು ದಣಿದ ಮೇಲೆ, ಸಣ್ಣ ದನಿಯಲ್ಲಿ, ನನಗಷ್ಟೇ ಕೇಳುವ ಹಾಗೆ ಅಂದಳು.

"ಆ ಕೂಸಿನ ತಾಯಿ ನನ್ನ ಕೇಳಿದಳು. ಆ ಕೆಂಪ ಪಟ್ಟಿ ಹುಡಿಗಿ ಆಗಳೆ ನಿಮ್ಮ ಕೂಡ ಪಾಳ್ಯಾಗ ನಿಂತಿದ್ದಳಲ್ಲರಿ, ನಿಮ್ಮ ಮಗಳ ಏನ್ರಿ ಅಂತ."

"ನೀ ಏನಂದಿ?"

"ಇಲ್ಲಂದ್ನಿ."

ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದಳು. ಆ ಹೆಂಗಸಿನ ಬೈಗುಳ ತನ್ನ ಮಗಳಿಗೆ ತಾಗಬಾರದೆಂದು ಹಾಗೆ ಅಂದಳೋ, ನನ್ನನ್ನು ಮಗಳೆನ್ನಲು ನಾಚಿಕೆಯಾಗಿ ಅಂದಳೋ, ನಾನು ಕೇಳಲಿಲ್ಲ. ಅವಳು ಈಗಲೂ ಬನಹಟ್ಟಿಯ ಅದೇ ಮನೆಯಲ್ಲಿದ್ದಾಳೆ, ನಾನು ವಾರಕ್ಕೊಮ್ಮೆ ಹೋಗುತ್ತೇನೆ, ಎದುರು ಕೂತು ಊಟ ಮಾಡುತ್ತೇವೆ. ಊರಿನವರೊಂದಿಗೆಲ್ಲ ಜಗಳವಾಡುವ ನನಗೆ ಇದೊಂದು ಮಾತು ಕೇಳಲು ಇಂದಿಗೂ ಧೈರ್ಯ ಬಂದಿಲ್ಲ.